ಎಡಕ್ಕೆ ವಾಲುವ ತಲೆ

ಕಳೆದ ತಿಂಗಳು ಉಡುಪಿಯ ಕಡಿಯಾಳಿಯ ಹತ್ತಿರ ನನ್ನ ಸ್ಕೂಟರಿನ ಎದುರು ಒಂದು ಟೆಂಪೋ ನಿಂತಿತ್ತು. ಒಳಗೆ ತುಂಬ ಕಬ್ಬಿಣದ ಸರಳು. ಹಿಂದಕ್ಕೆ ಚಾಚಿಕೊಂಡ ಅವುಗಳ ತುದಿಗೆ, ಹಿಂದಿನ ವಾಹನದವರು ನೋಡಿಕೊಳ್ಳಲಿ ಎಂದು ಒಂದು ಕೆಂಪು ಬೈರಾಸು ಕಟ್ಟಿದ್ದರು. ಮೈ ಒರೆಸುವ ಟವೆಲಿಗೆ ನಮ್ಮ ಕಡೆ ಬೈರಾಸು ಎನ್ನುತ್ತೇವೆ. ತಲೆಗೆ ಸುತ್ತುವುದೂ ಅದೇ, ಹೆಗಲಿಗೆ ಹಾಕುವುದೂ ಅದೇ. ಗಾಳಿ ಬೀಸಿತು, ಬೈರಾಸು ಎದ್ದು ಪಟಪಟ ಹೊಡೆದುಕೊಂಡಿತು. ಮುಂದಿನ ವಾಹನಗಳೆಲ್ಲ ಹೊರಟವು, ಟೆಂಪೋವೂ ಹೊರಟಿತು, ನಾನು ಮಾತ್ರ ಬ್ರೇಕು ಹಿಡಿದುಕೊಂಡು ಅಲ್ಲೇ ಇದ್ದೆ. ಹಿಂದೆ ಕೂತಿದ್ದ ಮಗಳು ಬೆನ್ನಿಗೆ ತಿವಿದಳು. "ಮಮ್ಮಿ, ಎಂತ ಆಯ್ತು? ಹಾರ್ನ್ ಹೊಡೀತಾ ಇದ್ದಾರೆ."

ಎಂತ ಆಯ್ತು ಅಂತ ರಸ್ತೆಯ ನಡುವೆ ಹೇಳುವುದಾದರೂ ಹೇಗೆ. ನನಗೆ ಅಕ್ಕನ ನೆನಪಾಗಿತ್ತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದೆ ಇದ್ದವಳು, ಕಾಪುವಿನ ಮೀನುಗಾರರ ಮನೆಯ ಹುಡುಗಿ. ನಮ್ಮ ಕಾಲೇಜಿನಲ್ಲಿ ಆಗ ಹುಡುಗಿಯರದ್ದೊಂದು ಬೋಟ್ ಕ್ಲಬ್ ಇತ್ತು. ಮಣಿಪಾಲದ ಕೆಳಗೆ ಸ್ವರ್ಣಾ ಹೊಳೆಯಲ್ಲಿ ನಮ್ಮ ಅಭ್ಯಾಸ. ನಾಲ್ಕು ಜನ ಹುಟ್ಟು ಹಾಕುವವರು, ಐದನೆಯವಳು ನಾನು. ನಾನು ಹುಟ್ಟು ಮುಟ್ಟಿದವಳೇ ಅಲ್ಲ. ಕಾರ್ಕಳದಿಂದ ಬಂದು ಹಾಸ್ಟೆಲಿನಲ್ಲಿದ್ದ ನನ್ನನ್ನು ನಮ್ಮ ಪಿ.ಟಿ. ಸರ್ ಒಂದು ದಿನ ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀನು ಕಡ್ಡಿ ಹಾಗೆ ಇದ್ದೀ, ಗಂಟಲು ಮಾತ್ರ ದೊಡ್ಡದುಂಟು, ಬಾ" ಎಂದು ಕರೆದುಕೊಂಡು ಹೋದರು. ಬೋಟಿನ ಹಿಂತುದಿಯಲ್ಲಿ ಕೂತು, ಚುಕ್ಕಾಣಿಯ ಹಗ್ಗ ಹಿಡಿದು, "ಎಳಿ, ಎಳಿ" ಎಂದು ಕಿರುಚುವುದು ನನ್ನ ಕೆಲಸ. ಇದಕ್ಕೆ ಕಾಕ್ಸ್ ಅನ್ನುತ್ತಾರೆ. ಮನೆಯಲ್ಲಿ ಹೇಳಿದಾಗ ಅಮ್ಮ, "ಕಿರುಚಲಿಕ್ಕೆ ಕಾಲೇಜಿಗೆ ಹೋಗಬೇಕಿತ್ತಾ, ಇಲ್ಲೇ ಕಿರುಚುತ್ತಿದ್ದೆಯಲ್ಲ" ಎಂದಿದ್ದರು.

ಈ ಬೋಟಿನಲ್ಲಿ ಒಂದು ವಿಚಿತ್ರ ಉಂಟು. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತಿರುತ್ತಾರೆ. ಮುಂದೆ ಎಂತ ಉಂಟು ಅವರಿಗೆ ಕಾಣುವುದಿಲ್ಲ, ದಾಟಿ ಬಂದದ್ದು ಮಾತ್ರ ಕಾಣುತ್ತದೆ. ಮುಂದೆ ನೋಡುವವಳು ಕಾಕ್ಸ್ ಒಬ್ಬಳೇ, ಅವಳಿಗೆ ಹಿಂದಿನದ್ದು ಕಾಣುವುದಿಲ್ಲ. ನನ್ನ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಅಕ್ಕ ಕೂರುತ್ತಿದ್ದಳು. ಆ ಜಾಗದವಳಿಗೆ ಸ್ಟ್ರೋಕ್ ಎನ್ನುತ್ತಾರೆ. ಉಳಿದ ಮೂವರೂ ಅವಳ ಲಯಕ್ಕೇ ಎಳೆಯಬೇಕು. ಹಾಗಾಗಿ ಆ ಸೀಸನ್ ಪೂರ್ತಿ ನಾನು ನೋಡಿದ್ದು ಹೊಳೆಯನ್ನಲ್ಲ, ಅಕ್ಕನ ಮುಖವನ್ನು. ಗಂಡನ ಮುಖವನ್ನೂ ನಾನು ಅಷ್ಟು ಹೊತ್ತು ನೋಡಿದ್ದಿಲ್ಲ!

ನನಗೆ ಮೊದಲಿನಿಂದಲೂ ಬೇರೆಯವರ ಮುಖ ಓದುವ ಚಟ. ಅಕ್ಕನ ಮುಖ ನನಗೆ ಹಿಂದಿನದ್ದನ್ನು ತೋರಿಸುವ ಕನ್ನಡಿಯಾಗಿತ್ತು. ಹುಬ್ಬು ಕೂಡಿದರೆ ಯಾವುದೋ ಬೋಟು ಹತ್ತಿರ ಬರುತ್ತಿದೆ ಎಂದು ಅರ್ಥ. ತುಟಿ ಸಡಿಲವಾದರೆ ದೂರ ಉಳಿಯಿತು ಎಂದು. ನಾನು ತಿರುಗಿ ನೋಡುತ್ತಲೇ ಇರಲಿಲ್ಲ.

ಅವಳದ್ದು ಒಂದೇ ಒಂದು ಕೆಟ್ಟ ಅಭ್ಯಾಸ. ನಾಲ್ಕೈದು ಸಲ ಎಳೆದಾಗೊಮ್ಮೆ ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದಳು. ಅಷ್ಟು ತೆಳ್ಳಗಿನ ಬೋಟಿಗೆ ಒಂದು ತಲೆ ವಾಲಿದರೂ ಗೊತ್ತಾಗುತ್ತದೆ. ಪಿ.ಟಿ. ಸರ್ ದಡದಲ್ಲಿ ನಿಂತು ಮೈಕಿನಲ್ಲಿ ಬೊಬ್ಬೆ ಹೊಡೆಯುತ್ತಿದ್ದರು. "ತಲೆ! ತಲೆ ನೇರ! ಕಣ್ಣು ಬೋಟಿನ ಒಳಗೆ ಇರಲಿ ಮಾರಾಯ್ತಿ, ಹೊರಗೆ ಎಂತ ಸಿನಿಮಾ ಉಂಟಾ?" ಅಕ್ಕ "ಆಯ್ತು ಸರ್" ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ನೇರ ಇರುತ್ತಿತ್ತು. ಆಮೇಲೆ ಮತ್ತೆ ವಾಲುತ್ತಿತ್ತು. ಅದು ಕುತ್ತಿಗೆ ನೋವೋ, ಸಣ್ಣಂದಿನ ಚಾಳಿಯೋ... ಎಲ್ಲವನ್ನೂ ಕೆದಕಿ ಕೇಳುವ ನಾನು ಅದೊಂದನ್ನು ಯಾಕೆ ಕೇಳಲಿಲ್ಲವೋ ಗೊತ್ತಿಲ್ಲ.

ಆ ವರ್ಷ ಮೂರು ಪಂದ್ಯ, ಮೂರರ ಅಂಕ ಸೇರಿಸಿ ಮುಂದೆ ಬಂದ ತಂಡಕ್ಕೆ ಕಪ್ಪು. ನಮಗೆಲ್ಲ ಕಪ್ಪು ಎಂದರೆ ಒಂದು ಫೋಟೋ, ಒಂದು ಊಟ, ಮುಗಿಯಿತು. ಅಕ್ಕನಿಗೆ ಹಾಗಲ್ಲ. ಅವಳಿಗೆ ಪಿ.ಟಿ. ಟೀಚರ್ ಆಗಬೇಕಿತ್ತು. "ಕುತ್ತಿಗೆಗೆ ಒಂದು ವಿಸಿಲ್ ಹಾಕಿಕೊಂಡು ಮೈದಾನದ ನಡುವೆ ನಿಲ್ಲಬೇಕು, ನಾನು ಊದಿದರೆ ನೂರು ಹುಡುಗಿಯರು ಓಡಬೇಕು" ಎನ್ನುತ್ತಿದ್ದಳು. ಆ ಕೋರ್ಸಿಗೆ ಸೇರುವಷ್ಟು ಮಾರ್ಕು ಅವಳಿಗಿರಲಿಲ್ಲ. ಕ್ರೀಡಾ ಕೋಟಾ ಒಂದೇ ದಾರಿ, ಅದಕ್ಕೆ ಗೆದ್ದ ತಂಡದಲ್ಲಿರಬೇಕು. ಅದು ಅವಳ ಕೊನೆಯ ವರ್ಷ, ಕಪ್ಪು ಬಂದರೆ ಸೀಟು, ಇಲ್ಲದಿದ್ದರೆ ಇಲ್ಲ. ಇದು ನಮ್ಮೆಲ್ಲರಿಗೂ ಗೊತ್ತಿತ್ತು.

ಮೊದಲ ಪಂದ್ಯ ನಮ್ಮ ಕಾರ್ಕಳದ ಕೆರೆಯಲ್ಲಿ. ಹೊಳೆಯ ಸೆಳೆತಕ್ಕೆ ಒಗ್ಗಿದ್ದ ನಮಗೆ ಆ ಅಲ್ಲಾಡದ ನೀರು ಹಿಡಿಸಲೇ ಇಲ್ಲ, ಎರಡನೆಯವರಾದೆವು. ನನ್ನ ಮನೆಯವರೆಲ್ಲ ಗೋಳಿಬಜೆ ಕಟ್ಟಿಸಿಕೊಂಡು ನೋಡಲು ಬಂದಿದ್ದರು. ಗೋಳಿಬಜೆ ಖಾಲಿಯಾಯಿತು, ಹೊಗಳಲು ಯಾರಿಗೂ ಬಾಯಿ ಬರಲಿಲ್ಲ. ಪಿ.ಟಿ. ಸರ್ ಎಲ್ಲದಕ್ಕೂ ಅಕ್ಕನ ತಲೆಯನ್ನೇ ಕಾರಣ ಮಾಡಿದರು.

ಎರಡನೆಯದು ಕಾಪುವಿನ ಕಡೆಯ ಹೊಳೆಯಲ್ಲಿ. ಅಲ್ಲಿ ಗೆದ್ದೆವು! ಎಂಥ ಗೆಲುವು ಅದು, ದಡದಲ್ಲಿ ಅಕ್ಕನ ಊರಿನವರ ಬೊಬ್ಬೆಗೆ ನನ್ನ ಬೊಬ್ಬೆ ನನಗೇ ಕೇಳಿಸಲಿಲ್ಲ. ಮಧ್ಯಾಹ್ನ ಅವಳ ಮನೆಯಲ್ಲೇ ಊಟ. ಮನೆಯಿಂದ ಲೈಟ್‌ಹೌಸ್ ಕಾಣುತ್ತಿತ್ತು. ಕುಚ್ಚಲಕ್ಕಿ ಗಂಜಿ, ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ, ಬಡಿಸಿದಷ್ಟೂ ತಿಂದೆವು. ಅವಳ ಅಪ್ಪ ಆಗಷ್ಟೇ ಕಡಲಿನಿಂದ ಬಂದವರು. ಮನೆಯೊಳಗೆ ಬರುವ ಮೊದಲು ಮೆಟ್ಟಿಲ ಮೇಲೆ ನಿಂತು, ತಿರುಗಿ ಕಡಲನ್ನೇ ನೋಡುತ್ತಿದ್ದರು. ಹಿಂದೆ ಇನ್ನೊಂದು ದೋಣಿ ಬರುವುದಿತ್ತಂತೆ. ಅದು ಕಂಡ ಮೇಲೆಯೇ ಕೈಕಾಲು ತೊಳೆದುಕೊಂಡು ಕೂತರು.

ಹಿಂದಿನ ದಿನ ಅದೇ ದೋಣಿಯ ಎಂಜಿನ್ ಕೆಟ್ಟಿತ್ತು, ಅದರವರು ಸಹಾಯಕ್ಕೆ ಬೈರಾಸು ಎತ್ತಿದರು, ನಾವು ಹೋಗಿ ಎಳೆದು ತಂದೆವು ಎಂದು ಅಕ್ಕನ ಅಪ್ಪ ಊಟದ ನಡುವೆ ಹೇಳಿದರು. ನನ್ನ ನಾಲಗೆ ಸುಮ್ಮನಿರಬೇಕಲ್ಲ.

"ನಿಮಗೆ ಒಳ್ಳೆ ಮೀನು ಬೀಳುತ್ತಿರುವಾಗಲೇ ಎತ್ತಿದರೆ?"

"ಎತ್ತಿದರೆ ಹೋಗಬೇಕು."

"ಸುಮ್ಮನೆ ಎತ್ತಿದ್ದಾದರೆ?"

ಅವರು ನನ್ನನ್ನು ನೋಡಿ ನಕ್ಕರು. "ಈ ಹುಡುಗಿಗೆ ಇನ್ನೆರಡು ಬೂತಾಯಿ ಹಾಕು, ಬಾಯಿ ಸ್ವಲ್ಪ ಮುಚ್ಚಲಿ" ಎಂದು ಅಕ್ಕನ ಅಮ್ಮನಿಗೆ ಹೇಳಿದರು. ಎಲ್ಲರೂ ನಕ್ಕೆವು. ಮಾತು ಅಲ್ಲಿಗೇ ಮುಗಿಯಿತು.

ಕೊನೆಯ ಪಂದ್ಯ ನಮ್ಮದೇ ಸ್ವರ್ಣಾ ಹೊಳೆಯಲ್ಲಿ. ಕಪ್ಪಿನ ಆಸೆ ಉಳಿದದ್ದು ಎರಡೇ ತಂಡಕ್ಕೆ, ನಮಗೆ ಮತ್ತು ಉಡುಪಿಯ ಇನ್ನೊಂದು ಕಾಲೇಜಿನವರಿಗೆ. ಅವತ್ತು ಬಿಸಿಲೆಂದರೆ ಬಿಸಿಲು, ಹೊಳೆಯ ನೀರೆಲ್ಲ ಕಣ್ಣಿಗೆ ಹೊಡೆಯುತ್ತಿತ್ತು. ಎದುರು ತಂಡದ ಕಾಕ್ಸ್ ಹುಡುಗಿ ತಲೆಗೆ ಕೆಂಪು ಬೈರಾಸು ಸುತ್ತಿಕೊಂಡಿದ್ದಳು. ನಾವು ಹೊರಟ ರೀತಿಯಲ್ಲೇ ಗೊತ್ತಾಗಿತ್ತು, ಅದು ನಮ್ಮ ದಿನ. ಅರ್ಧ ದಾರಿಗೆ ಬಂದಾಗ ಅವರು ಹಿಂದೆ ಬಿದ್ದಿದ್ದರು. ನಾನು ತಿರುಗಿ ನೋಡಲಿಲ್ಲ, ಅಕ್ಕನ ತುಟಿ ಸಡಿಲವಾಗಿತ್ತು, ಅಷ್ಟು ಸಾಕು. ಎದುರಿಗೆ ಗುರಿಯ ಬಾವುಟಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಾನು ಕಿರುಚುತ್ತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಮತ್ತೆಂದೂ ಕಿರುಚಿಲ್ಲ.

ಆಗ ಅಕ್ಕನ ತಲೆ ಎಡಕ್ಕೆ ವಾಲಿತು. ವಾಲಿದ್ದು ನೇರವಾಗಲಿಲ್ಲ. ಆ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ, ಓದಲಿಕ್ಕೂ ಆಗಲಿಲ್ಲ.

"ನಿಲ್ಲಿಸಿ!" ಎಂದು ಕೂಗಿ ಹುಟ್ಟನ್ನು ನೀರಿಗೆ ಅಡ್ಡ ಹಿಡಿದುಬಿಟ್ಟಳು.

ಬೋಟು ಗರ್ರನೆ ತಿರುಗಿತು. ಅವಳ ಬೆನ್ನ ಹಿಂದೆ ಕೂತಿದ್ದ ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಆಗ ನಾನು ಮೊದಲ ಸಲ ಹಿಂದೆ ತಿರುಗಿ ನೋಡಿದೆ. ಎದುರು ತಂಡದ ಬೋಟಿಗೆ ಏನೂ ಆಗಿರಲಿಲ್ಲ. ಆ ಕಾಕ್ಸ್ ಹುಡುಗಿ ಬೈರಾಸು ಬಿಚ್ಚಿ, ಎತ್ತಿ ಕೊಡವಿ, ಕಣ್ಣಿಗೆ ಇಳಿದ ಬೆವರು ಒರೆಸಿಕೊಂಡು, ಮತ್ತೆ ತಲೆಗೆ ಸುತ್ತಿಕೊಳ್ಳುತ್ತಿದ್ದಳು. ಅವರು ನಮ್ಮ ಪಕ್ಕದಲ್ಲೇ ದಾಟಿ ಹೋದರು. ಹೋಗುವಾಗ ಪಾಪ, ನಮಗೇ ಏನೋ ಆಗಿದೆ ಎಂದು ಆ ಹುಡುಗಿ ಗಾಬರಿಯಿಂದ ನಮ್ಮನ್ನು ನೋಡುತ್ತಿದ್ದಳು. ನಾವು ಬೋಟನ್ನು ನೇರ ಮಾಡಿ ಮತ್ತೆ ಎಳೆಯುವ ಹೊತ್ತಿಗೆ ದಡದಲ್ಲಿ ಅವರ ಪಟಾಕಿ ಹೊಡೆದಾಗಿತ್ತು.

ದಡದಲ್ಲಿ ಪಿ.ಟಿ. ಸರ್ ಮೈಕನ್ನು ನೆಲಕ್ಕೆ ಬಿಸಾಡಿದ್ದರು.

"ಎಂತ ಆಯ್ತು ನಿನಗೆ? ಹುಚ್ಚಾ?"

"ಬೈರಾಸು ಎತ್ತಿದರು ಸರ್."

"ಬೆವರು ಒರೆಸಲಿಕ್ಕೆ ಮಾರಾಯ್ತಿ ಅದು! ಬೆವರು!"

ಅಕ್ಕ ನೆಲ ನೋಡುತ್ತಾ ಹೇಳಿದಳು. "ಎಂತಕ್ಕೆ ಎತ್ತಿದ್ದು ಅಂತ ಹತ್ತಿರ ಹೋದ ಮೇಲೆ ಅಲ್ವಾ ಸರ್ ಗೊತ್ತಾಗುವುದು?"

ಸರ್ ಬಿಸಾಡಿದ ಮೈಕನ್ನು ತಾವೇ ಹೆಕ್ಕಿಕೊಂಡು ಆಚೆ ಹೋದರು. ಅಕ್ಕನನ್ನು ಮಾತ್ರ ಯಾರೂ ಸಮಾಧಾನ ಮಾಡಲಿಲ್ಲ, ಹೇಗೆ ಮಾಡುವುದೆಂದು ನಮಗೆ ತಿಳಿಯಲೂ ಇಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ತಲೆ ಇಟ್ಟು, "ನನ್ನ ಸೀಟು ಹೋಯಿತಲ್ಲ ಮಾರಾಯ್ತಿ" ಎಂದು ಸಣ್ಣ ಮಕ್ಕಳ ಹಾಗೆ ಅತ್ತಳು. ನಾನೂ ಅತ್ತೆ. ಅವಳ ಮೇಲೆ ಸಿಟ್ಟೂ ಇತ್ತು, ಸುಳ್ಳು ಯಾಕೆ ಹೇಳಲಿ.

ಸೀಟು ಸಿಗಲಿಲ್ಲ. ಅಕ್ಕ ಉಡುಪಿಯಲ್ಲಿ ಒಂದು ಬಟ್ಟೆ ಅಂಗಡಿಗೆ ಸೇರಿದಳು, ಮದುವೆಯಾಗಿ ಹೆಬ್ರಿಗೆ ಹೋದಳು. ಅಂಗಡಿಯಲ್ಲಿದ್ದಾಗ ನಾನು ಸೀರೆ ತೆಗೆಯುವ ನೆಪದಲ್ಲಿ ಹೋಗಿ ಕೂರುತ್ತಿದ್ದೆ. ಒಮ್ಮೆ ಅವಳು ಸೀರೆ ಬಿಡಿಸಿ ಹಾಕುತ್ತಿದ್ದಾಗ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಕ್ಕ, ಅವತ್ತು ನಿಲ್ಲಿಸಬಾರದಿತ್ತು ಅಂತ ಅನಿಸುವುದಿಲ್ವಾ?"

"ದಿನಾ ಅನಿಸುತ್ತದೆ" ಎಂದಳು. ಸೀರೆಯ ಸೆರಗು ಸರಿ ಮಾಡುತ್ತಾ ಮತ್ತೆ ಹೇಳಿದಳು, "ಆದರೆ ನಾಳೆ ಯಾರಾದರೂ ಎತ್ತಿದರೆ ನಾಳೆಯೂ ನಿಲ್ಲಿಸುತ್ತೇನೆ. ಎಂತ ಮಾಡುವುದು, ನನ್ನದು ಹೀಗೆ. ನೀನು ಸೀರೆ ತೆಗೆಯುತ್ತೀಯಾ, ಬರೀ ಬಾಯಿಯಾ?"

ಆ ಸೀರೆ ಇನ್ನೂ ನನ್ನ ಹತ್ತಿರ ಉಂಟು. ಅಕ್ಕ ಇಲ್ಲ. ಎರಡು ವರ್ಷದ ಹಿಂದೆ ಕಾಯಿಲೆ ಬಂದು, ಪತ್ತೆಯಾಗುವ ಹೊತ್ತಿಗೆ ತಡವಾಗಿ... ಸುದ್ದಿ ತಿಳಿದು ನಾನು ಹೆಬ್ರಿಗೆ ತಲುಪುವಾಗ ಎಲ್ಲ ಮುಗಿದಿತ್ತು. ಆ ಮುಖವನ್ನು ಕೊನೆಯ ಸಲ ನೋಡಲಿಕ್ಕೂ ಆಗಲಿಲ್ಲ ನನಗೆ.

ಕಡಿಯಾಳಿಯಲ್ಲಿ ಆ ಬೈರಾಸು ಕಂಡ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಮುಂದಿನ ಭಾನುವಾರ ಮಗಳನ್ನು ಹಿಂದೆ ಕೂರಿಸಿಕೊಂಡು ಹೊಳೆಯ ಹತ್ತಿರ ಹೋದೆ. ಕ್ಲಬ್ ಮುಚ್ಚಿ ಎಷ್ಟೋ ಕಾಲವಾಗಿದೆ, ಶೆಡ್ಡಿನ ಶೀಟು ಹಾರಿ ಹೋಗಿದೆ. ಅಭ್ಯಾಸಕ್ಕೆ ಇಟ್ಟಿದ್ದ ಹಳೆಯ ಮರದ ಬೋಟು ಮಾತ್ರ ಹುಲ್ಲಿನ ಮೇಲೆ ಹಾಗೇ ಉಂಟು, ಮೂತಿ ಶೆಡ್ಡಿನ ಕಡೆಗೆ, ಹಿಂತುದಿ ಹೊಳೆಯ ಕಡೆಗೆ. ಅಕ್ಕನಿಗೆ ಅವತ್ತು ಕಂಡದ್ದು ಹೇಗೆ ಕಂಡಿರಬಹುದು ಎಂದು ನೋಡುವ ಆಸೆ ನನಗೆ. ಮಗಳನ್ನು ನನ್ನ ಹಳೆಯ ಜಾಗದಲ್ಲಿ ಕೂರಿಸಿ, ನಾನು ಅಕ್ಕನ ಜಾಗದಲ್ಲಿ ಕೂತೆ.

ಏನೂ ಕಾಣಲಿಲ್ಲ! ಕಂಡದ್ದು ಮಗಳ ಮುಖ ಒಂದೇ. ಹೊಳೆ ಪೂರ್ತಿ ಅವಳ ತಲೆಯ ಹಿಂದೆ ಮುಚ್ಚಿಹೋಗಿತ್ತು. ಆಮೇಲೆ, ಯಾರೂ ಹೇಳಿಕೊಡದೆಯೇ, ನನ್ನ ತಲೆ ಎಡಕ್ಕೆ ವಾಲಿತು. ವಾಲಿದ ಕೂಡಲೇ ಹೊಳೆ ಕಂಡಿತು, ಅಷ್ಟು ದೂರದ ತಿರುವಿನವರೆಗೂ.

ಅವತ್ತು ಅವಳಿಗೆ ಆ ಬೈರಾಸು ಅಕಸ್ಮಾತ್ ಕಣ್ಣಿಗೆ ಬಿತ್ತು, ಗ್ರಹಚಾರ, ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಆ ಜಾಗದಿಂದ ಅಕಸ್ಮಾತ್ ಏನೂ ಕಾಣುವ ಹಾಗೇ ಇಲ್ಲ. ಕಾಣಬೇಕಾದರೆ ತಲೆ ವಾಲಿಸಿ ನೋಡಬೇಕು. ಕಾರ್ಕಳದಲ್ಲೂ, ಕಾಪುವಿನಲ್ಲೂ, ದಿನದಿನದ ಅಭ್ಯಾಸದಲ್ಲೂ, ಅಷ್ಟು ಬೈಗುಳ ತಿಂದುಕೊಂಡು, ಅವಳು ಹಿಂದೆ ಬರುವವರು ಬರುತ್ತಿದ್ದಾರಾ ಎಂದು ನೋಡುತ್ತಲೇ ಇದ್ದಳು.

"ಮಮ್ಮಿ, ಹಿಂದೆ ಎಂತ ಉಂಟು?" ಎಂದು ಮಗಳು ಕೇಳಿದಳು.

"ಏನಿಲ್ಲ" ಎಂದೆ. "ಯಾರೂ ಇಲ್ಲ."

"ಮತ್ತೆ ಯಾಕೆ ಅಳುವುದು?"

ನಾನು ತಲೆಯನ್ನು ನೇರ ಮಾಡಲಿಲ್ಲ.