ಬಸ್ಸಿನಲ್ಲಿ ಉಕ್ಕಿದ ಹುಳಿಹಿಟ್ಟು

ಎರಡು ವರ್ಷದ ಹಿಂದಿನ ಬೇಸಿಗೆ. ನನ್ನ ಹೆಂಡತಿ ಸುಜಾತ ಕ್ಯಾನ್ಸರ್ ಚಿಕಿತ್ಸೆ ಮುಗಿಸಿಕೊಂಡು ಶಿರಾದಲ್ಲಿ ತನ್ನ ಅಕ್ಕನ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಳು. ನಾನು ಮಧುಗಿರಿಯಲ್ಲಿ ಗುಮಾಸ್ತ. ಇದ್ದ ರಜೆಗಳೆಲ್ಲ ಆಸ್ಪತ್ರೆಯ ಓಡಾಟಕ್ಕೇ ಮುಗಿದಿದ್ದವು. ಕಚೇರಿ, ಅಡುಗೆ, ಬಟ್ಟೆ, ಭಾನುವಾರ ಬಂದರೆ ಶಿರಾ ಬಸ್ಸು. ಮಲಗಿದರೂ ನಿದ್ದೆ ಹತ್ತುತ್ತಿರಲಿಲ್ಲ. ಫೋನು ಯಾವಾಗ ಬರುತ್ತದೋ ಎಂದು ಕಿವಿ ಎಚ್ಚರವಾಗಿಯೇ ಇರುತ್ತಿತ್ತು.

ಕಾಯಿಲೆಗೆ ಮುಂಚೆ ಸುಜಾತ ಮನೆಯಲ್ಲೇ ಸೋರ್‌ಡೋ ಬ್ರೆಡ್ ಮಾಡುತ್ತಿದ್ದಳು. ಅಂಗಡಿಯ ಯೀಸ್ಟ್ ಹಾಕದೆ, ಗೋಧಿಹಿಟ್ಟು ನೀರು ಕಲಸಿಟ್ಟು ತಾನಾಗಿ ಹುಳಿ ಬಂದ ಹಿಟ್ಟಿನಿಂದ ಮಾಡುವ ಬ್ರೆಡ್ ಅದು. ಆ ಹುಳಿಹಿಟ್ಟಿಗೆ ದಿನಾ ಒಂದಿಷ್ಟು ಹೊಸ ಹಿಟ್ಟು, ನೀರು ಸೇರಿಸುತ್ತಿರಬೇಕು, ಇಲ್ಲದಿದ್ದರೆ ಕೆಟ್ಟುಹೋಗುತ್ತದೆ. ಅವಳು ಆಸ್ಪತ್ರೆ ಸೇರಿದ ಮೇಲೆ ಆ ಕೆಲಸವೂ ನನ್ನ ಪಾಲಿಗೆ ಬಂತು. ಬೇಜಾರಿನಿಂದಲೇ ಮಾಡುತ್ತಿದ್ದೆ, ಆದರೆ ಬಿಡಲಿಲ್ಲ.

ಚಿಕಿತ್ಸೆಯಿಂದ ಅವಳ ನಾಲಿಗೆ ರುಚಿ ಕಳೆದುಕೊಂಡಿತ್ತು. ಮುದ್ದೆ, ಅನ್ನ ಎಲ್ಲವೂ ಮಣ್ಣು ತಿಂದ ಹಾಗೆ ಎನ್ನುತ್ತಿದ್ದಳು. ಹುಳಿ ಮಾತ್ರ ಚೂರು ತಿಳಿಯುತ್ತಿತ್ತು. ನೋಡನೋಡುತ್ತಾ ಇಳಿದುಹೋದಳು. ಒಂದು ದಿನ ಫೋನಿನಲ್ಲಿ, "ನನ್ ಹಿಟ್ಟು ಐತಾ ಇನ್ನೂ? ತಗಂಬನ್ನಿ, ಬ್ರೆಡ್ ತಿನ್ನಂಗಾಗೈತೆ" ಎಂದಳು. ಅವಳು ಬಾಯಿಬಿಟ್ಟು ಏನಾದರೂ ಕೇಳಿ ಎಷ್ಟೋ ಕಾಲವಾಗಿತ್ತು.

ಭಾನುವಾರ ಹಿಟ್ಟನ್ನು ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಚೆಲ್ಲದಿರಲೆಂದು ಮುಚ್ಚಳ ಬಿಗಿಯಾಗಿ ಒತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಬಿಸಿಲು ಕಿಟಕಿಯಿಂದ ನೇರವಾಗಿ ಬೀಳುತ್ತಿತ್ತು. ಬಡವನಹಳ್ಳಿ ದಾಟಿದ ಮೇಲೆ ಬಸ್ಸು ಹಂಪ್ ಮೇಲೆ ಎಗರಿತು. ಡಬ್ ಎಂದು ಮುಚ್ಚಳ ಹಾರಿ, ಬಿಸಿಲಿಗೆ ಗಾಳಿ ತುಂಬಿಕೊಂಡು ಉಕ್ಕಿದ ಹಿಟ್ಟು ನನ್ನ ಮುಖಕ್ಕೆ, ಅಂಗಿಗೆ, ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸಿನ ಬುರ್ಖಾಕ್ಕೆ ಸಿಡಿಯಿತು. ಟೈರ್ ಹೋಯಿತೆಂದುಕೊಂಡು ಡ್ರೈವರ್ ಬ್ರೇಕ್ ಹಾಕಿದ. ಇಂಥದ್ದನ್ನೆಲ್ಲ ಬಸ್ಸಿಗೆ ತರುತ್ತಾರಾ ಎಂದು ಕಂಡಕ್ಟರ್ ರೇಗಿದ. ಹಿಂದಿನವರು ನಕ್ಕರು. ನಾನು ಸೀಟಿನ ಮೇಲೆ ಬಿದ್ದ ಹಿಟ್ಟನ್ನು ಬಾಚಲು ಹೋದೆ. ಆ ಹೆಂಗಸಿಗೆ ಕ್ಷಮೆ ಕೇಳಲು ಬಾಯಿ ತೆರೆದರೆ ಹೆಂಡತಿಯ ಕಾಯಿಲೆಯ ಕಥೆಯೆಲ್ಲ ಹೊರಬಂತು.

ಆಕೆ ತೋಳಿಗೆ ಮೆತ್ತಿದ್ದ ಹಿಟ್ಟನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿದರು. "ಖಮೀರ್ ಅಲ್ವಾ ಇದು, ಹುಳಿಹಿಟ್ಟು? ನಾವೂ ರೊಟ್ಟಿಗೆ ಹಾಕ್ತೀವಿ. ಬಾಟ್ಲಿ ತಳದಾಗೆ ಇನ್ನೂ ಐತಲ್ಲ ಬೇಟಾ, ಅಷ್ಟು ಸಾಕು."

ಅವರ ಹೆಸರು ಫಾತಿಮಾಬಿ. ಈ ಅವತಾರದಲ್ಲಿ ಹೋದರೆ ಹೆಂಡತಿ ಹೆದರಿಕೊಳ್ಳುತ್ತಾಳೆ ಎಂದು ಶಿರಾದಲ್ಲಿ ತಮ್ಮ ಮನೆಗೇ ಕರೆದುಕೊಂಡು ಹೋದರು. ಮುಖ ತೊಳೆದೆ. ಮಗನ ಅಂಗಿ ಕೊಟ್ಟು ನನ್ನದನ್ನು ಒಗೆದು ಹರವಿದರು. ಉಳಿದ ಹಿಟ್ಟಿಗೆ ಮೈದಾ, ನೀರು ಸೇರಿಸಿ ಸ್ಟೀಲ್ ಡಬ್ಬಿಗೆ ಹಾಕಿದರು. ಅಂಗಿ ಒಣಗುವವರೆಗೆ ಎಂದು ಪಡಸಾಲೆಯ ಮಂಚದ ಮೇಲೆ ಕುಳಿತದ್ದಷ್ಟೇ ನೆನಪು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ತಲೆಯ ಕೆಳಗೆ ದಿಂಬಿತ್ತು. ಗಾಬರಿಯಿಂದ ಫೋನು ಹುಡುಕಿದೆ.

"ನಿಮ್ಮನೇವ್ರು ಫೋನ್ ಮಾಡಿದ್ರು" ಎಂದರು ಫಾತಿಮಾಬಿ. "ಮಲ್ಗವ್ರೆ ಅಂದೆ. ಎಬ್ಬಿಸ್ಬ್ಯಾಡಿ ಅಮ್ಮ, ಎಷ್ಟೊತ್ತಾದ್ರೂ ಮಲ್ಗಲಿ ಅಂದ್ರು."

ನನಗೆ ಅಳು ತಡೆಯಲಾಗಲಿಲ್ಲ. ಅವರು ನೋಡಿಯೂ ನೋಡದವರಂತೆ ಟೀ ಮಾಡಲು ಒಳಗೆ ಹೋದರು.

ಸುಜಾತ ಆ ಸಂಜೆಯೇ ಕುಳಿತುಕೊಂಡು ಹಿಟ್ಟು ನಾದಿದಳು. ಬೆಳಿಗ್ಗೆ ಅಕ್ಕನ ಪುಟ್ಟ ಓವನ್ನಿನಲ್ಲಿ ಬ್ರೆಡ್ ಬೆಂದಿತು. ಮೇಲೆ ಗಟ್ಟಿ, ಒಳಗೆ ಹಸಿಹಸಿ. ಸಾರಿನಲ್ಲಿ ಅದ್ದಿ ಎರಡು ಹೋಳು ತಿಂದು, ಹುಳಿ ಗೊತ್ತಾಗುತ್ತಿದೆ ಎಂದಳು. ನಾನು ಕಚೇರಿಗೆ ತಡವಾಗಿ ಹೋದೆ.

ಈಗ ಅವಳು ಮಧುಗಿರಿಯಲ್ಲಿದ್ದಾಳೆ. ಸ್ವಲ್ಪ ಕೆಲಸಕ್ಕೇ ದಣಿಯುತ್ತಾಳೆ, ನಾನೂ ಅಷ್ಟೆ. ಆ ವರ್ಷವನ್ನು ನೆನೆದಾಗ ಆಸ್ಪತ್ರೆಗಿಂತ ಮೊದಲು ನನ್ನ ಕಣ್ಣಮುಂದೆ ಬರುವುದು ಒಬ್ಬರನ್ನೊಬ್ಬರು ನೋಡಿರದ ಆ ಇಬ್ಬರು ಹೆಂಗಸರು. ಫೋನಿನಲ್ಲಿ ಮೆಲ್ಲಗೆ ಮಾತಾಡಿಕೊಂಡು ನನ್ನನ್ನು ಮಲಗಲು ಬಿಟ್ಟರಲ್ಲ.