ಪರದೆಯೊಳಗೆ ಇಬ್ಬರಿಗೆ ಜಾಗ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ಸೊಳ್ಳೆಗಳ ಮೇಲೆ ನನಗೊಂದು ದೊಡ್ಡ ಕಂಪ್ಲೇಂಟ್ ಇತ್ತು. ಅವು ನನ್ನನ್ನು ಕಚ್ಚುತ್ತಿರಲಿಲ್ಲ.

ನಗಬೇಡಿ. ಆಗ ನನಗೆ ಅದು ನಗುವ ವಿಷಯವಾಗಿರಲಿಲ್ಲ. ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಜೋಳದ ಚೀಲ, ಶೇಂಗಾ ಚೀಲಗಳ ಸಂದಿಯಲ್ಲಿ ಹಗಲೆಲ್ಲ ಅಡಗಿ ಕೂತ ಸೊಳ್ಳೆಗಳು ದೀಪ ಹಚ್ಚುವ ಹೊತ್ತಿಗೆ ನಡುಮನೆಗೆ ಬರುತ್ತಿದ್ದವು. ಬಂದು, ನನ್ನನ್ನು ದಾಟಿಕೊಂಡು, ಸೀದಾ ಅಕ್ಕನ ಹತ್ತಿರ ಹೋಗುತ್ತಿದ್ದವು. ಬೆಳಿಗ್ಗೆ ಎದ್ದರೆ ಅಕ್ಕನ ಕೆನ್ನೆ, ತೋಳು, ಪಾದದ ಮೇಲೆಲ್ಲ ಕೆಂಪು ದದ್ದು. ನನ್ನ ಮೈ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ.

"ದೊಡ್ಡಾಕಿ ರಕ್ತ ಸಕ್ಕರಿ ಇದ್ದಂಗೈತೆ. ಅದಕ್ಕ ಮುತ್ತತಾವೆ," ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರು ನನ್ನ ಕಡೆ ತಿರುಗಿ, "ಹಂಗಾರೆ ಈಕಿದು?" ಎಂದು ಕೇಳುವರು.

"ಈಕಿದು ಬೇವಿನ ರಸ," ಎಂದು ಅಮ್ಮ ನಗುವಳು. ಬಂದವರೂ ನಗುವರು. ಅಕ್ಕ ತೋಳು ಕೆರೆದುಕೊಳ್ಳುತ್ತ, ಮೆಡಲ್ ಬಂದವಳ ಹಾಗೆ ಕೂತಿರುವಳು.

ಅಕ್ಕ ಬೆಳ್ಳಗಿದ್ದಳು, ಅವಳ ಜಡೆ ಸೊಂಟ ದಾಟುತ್ತಿತ್ತು, ಹೊಸ ಫ್ರಾಕು ಮೊದಲು ಅವಳಿಗೆ ಬಂದು ಆಮೇಲೆ ಹಳೆಯದಾಗಿ ನನಗೆ ಬರುತ್ತಿತ್ತು. ಅದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ರಕ್ತವೂ ಅವಳದೇ ಸಿಹಿ ಅಂದರೆ? ಇಟ್ ವಾಸ್ ಸೋ ಅನ್‌ಫೇರ್. ಕಾನ್ವೆಂಟಿನ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್, ಜೆಲಸಿ ಅನ್ನುವುದು ದೊಡ್ಡ ಸಿನ್ ಎಂದು ಹೇಳಿಕೊಡುತ್ತಿದ್ದರು. ಸಿಸ್ಟರ್‌ಗೆ ಅಕ್ಕ ಇರಲಿಲ್ಲವೇನೋ ಎಂದುಕೊಳ್ಳುತ್ತಿದ್ದೆ.

ಬೇಸಿಗೆ ಬಂತೆಂದರೆ ಈ ಹೊಟ್ಟೆಕಿಚ್ಚು ಇನ್ನೂ ಉರಿಯುತ್ತಿತ್ತು. ಸುಗ್ಗಿಯ ಗಲಾಟೆ ಮುಗಿದು ಪೇಟೆ ತಣ್ಣಗಾದ ಮೇಲೆ ಅಪ್ಪ ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ ನಮ್ಮನ್ನು ಹರಿಹರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಆ ಕಾಲಕ್ಕೆ ತುಂಗಭದ್ರೆ ಸೊರಗಿ, ಹೊಳೆಯ ನಡುವೆ ಮರಳಿನ ದಿಬ್ಬ ಎದ್ದಿರುತ್ತಿತ್ತು. ಹರಿಗೋಲಿನಲ್ಲಿ ಆ ದಿಬ್ಬಕ್ಕೆ ಹೋಗಿ, ಅಲ್ಲೇ ಉಂಡು, ಅಲ್ಲೇ ಮಲಗಿ, ಬೆಳಗಿನ ಜಾವ ಹೊಳೆಯಲ್ಲಿ ಮಿಂದು ವಾಪಸ್ ಬರುವುದು. ನೀವು ಕ್ಯಾಂಪಿಂಗ್ ಅನ್ನುತ್ತೀರಲ್ಲ, ಅದೇ. ನಮ್ಮ ಮನೆಯಲ್ಲಿ ಅದಕ್ಕೆ "ಹೊಳಿಗೆ ಹೋಗಿ ಬರೋದು" ಅನ್ನುತ್ತಿದ್ದರು, ಅಷ್ಟೆ.

ಅಲ್ಲಿನ ಸೊಳ್ಳೆಗಳೋ, ಮಂಡಿಪೇಟೆಯ ಸೊಳ್ಳೆಗಳ ಅಣ್ಣಂದಿರು. ನಮ್ಮಲ್ಲಿ ಇದ್ದದ್ದು ಒಂದೇ ಸೊಳ್ಳೆ ಪರದೆ. ಮರಳಿನಲ್ಲಿ ಬಿದಿರಿನ ಗಳ ನೆಟ್ಟು ಅದನ್ನು ಕಟ್ಟಿದರೆ ಒಳಗೆ ಇಬ್ಬರು ಮಲಗಬಹುದಿತ್ತು. ಅಮ್ಮ ಒಳಗೆ ಹೋಗುತ್ತಿರಲಿಲ್ಲ. "ನಂಗೆ ಉಸಿರು ಕಟ್ತೈತೆ," ಎಂದು ಬೇವಿನ ಸೊಪ್ಪಿನ ಹೊಗೆ ಹಾಕಿಕೊಂಡು, ಮುಖದ ತುಂಬ ಸೆರಗು ಹೊದ್ದು ಹೊರಗೇ ಮಲಗುವಳು. ಹಾಗಾಗಿ ಪರದೆಯೊಳಗೆ ಅಪ್ಪ, ಮತ್ತು ನಮ್ಮಿಬ್ಬರಲ್ಲಿ ಒಬ್ಬರು.

ಆ ಒಬ್ಬರು ಯಾವಾಗಲೂ ಅಕ್ಕ. "ಅವಳಿಗೆ ಕಚ್ತಾವೆ. ನಿಂಗೇನು ಆಗಲ್ಲ ಬಿಡವ್ವ," ಎಂದುಬಿಡುತ್ತಿದ್ದರು ಅಪ್ಪ.

ಪರದೆಯೊಳಗೆ ಅಂಥದ್ದೇನಿತ್ತು ಅನ್ನುತ್ತೀರಾ? ಅಪ್ಪ ಇದ್ದರು. ವರ್ಷವೆಲ್ಲ ಅವರ ದನಿ ಅಂಗಡಿಯಲ್ಲಿ ಕಾಳಿನ ಹರಾಜು ಕೂಗುವುದಕ್ಕೇ ಮೀಸಲು. ಮನೆಗೆ ಬಂದರೆ "ಉಂಡ್ರೇನು?" ಎಂದು ಕೇಳಿ ಕೈಕಾಲು ತೊಳೆಯಲು ಹೋಗಿಬಿಡುವರು. ಹೆಣ್ಣುಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಅಪ್ಪಂದಿರನ್ನು ನಮ್ಮ ಓಣಿಯಲ್ಲಿ ನಾನು ನೋಡಿರಲೇ ಇಲ್ಲ. ಆದರೆ ಪರದೆಯೊಳಗೆ ಅವರು ಬೇರೆಯೇ ಅಪ್ಪ. ಲಾಟೀನಿನ ಬೆಳಕಿನಲ್ಲಿ ಅವರ ನೆರಳು ಕಾಣುತ್ತಿತ್ತು. ಅಂಗೈಯಲ್ಲಿ ವಿಭೂತಿ ತೇಯ್ದು, ಬೆರಳು ಅದ್ದಿ, ಮುಸ್ಸಂಜೆಯಲ್ಲೇ ಅಕ್ಕನಿಗೆ ಎದ್ದ ಒಂದೊಂದು ದದ್ದಿಗೂ ಹಚ್ಚುತ್ತ, "ಇಲ್ಲೇನು? ಇಲ್ಲಿ?" ಎಂದು ಮೆಲ್ಲಗೆ ಕೇಳುವರು. ಆ ಮೆಲುದನಿಯನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ. ಹೊರಗೆ, ಅಮ್ಮನ ಪಕ್ಕ, ಕಣ್ಣಿಗೆ ಹೊಗೆ ತುಂಬಿಸಿಕೊಂಡು ಮಲಗಿ ಕೇಳಿಸಿಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಬಂದರೆ ಹೊಗೆಯ ಹೆಸರು ಹೇಳುತ್ತಿದ್ದೆ.

ಒಂದು ಬೇಸಿಗೆಯಲ್ಲಿ ತೀರ್ಮಾನ ಮಾಡಿದೆ. ಈ ಸಲ ನಾನೂ ಕಚ್ಚಿಸಿಕೊಳ್ಳಬೇಕು. ಪರದೆಯೊಳಗೆ ನಾನೇ ಮಲಗಬೇಕು.

ಹೊರಡುವುದಕ್ಕೆ ಮುಂಚೆ ರಕ್ತ ಸಿಹಿಯಾಗಲಿ ಎಂದು ಅಮ್ಮನನ್ನು ಕೇಳಿ ಕೇಳಿ ಬೆಲ್ಲ ತಿಂದೆ. ಹೊಟ್ಟೆ ಕೆಟ್ಟಿತೇ ಹೊರತು ಒಂದು ಸೊಳ್ಳೆಯೂ ನನ್ನ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಹೊರಡುವ ದಿನ ಬಂತು. ರೈಲಿನಲ್ಲಿ ಹರಿಹರ, ಅಲ್ಲಿಂದ ಟಾಂಗಾದಲ್ಲಿ ಹೊಳೆದಂಡೆ. ಬಿದಿರು ಹೆಣೆದು ಚರ್ಮ ಹೊದಿಸಿದ ದೊಡ್ಡ ಬುಟ್ಟಿಯಂಥ ಹರಿಗೋಲು ನಮಗಾಗಿ ಕಾಯುತ್ತಿತ್ತು. ಬಿಸಿಲಿಗೆ ಕಾದ ಚರ್ಮದ ವಾಸನೆ, ಅಮ್ಮನ ಗಂಟಿನಿಂದ ಬರುವ ರೊಟ್ಟಿ, ಶೇಂಗಾಪುಡಿಯ ವಾಸನೆ, ತಳದಲ್ಲಿ ನೀರು ಗುಳುಗುಳು ಅನ್ನುವ ಸದ್ದು. ಹರಿಗೋಲು ನಡೆಸುವ ಅಜ್ಜ ನಮಗೆ ಪ್ರತಿ ವರ್ಷದ ಪರಿಚಯ. ನಡುನೀರಿನಲ್ಲಿ ಬೇಕಂತಲೇ ಹರಿಗೋಲನ್ನು ಗಿರಗಿರ ತಿರುಗಿಸಿದ. ಅಮ್ಮ "ಅಯ್ಯಯ್ಯೋ, ಬ್ಯಾಡ ಅಜ್ಜ!" ಎಂದು ಅಪ್ಪನ ತೋಳು ಹಿಡಿದುಕೊಂಡಳು. ಅಕ್ಕನೂ ಅಪ್ಪನ ಇನ್ನೊಂದು ತೋಳು ಹಿಡಿದಳು. ನನಗೆ ಹಿಡಿಯಲು ಉಳಿದದ್ದು ರೊಟ್ಟಿಯ ಗಂಟು.

ಮಧ್ಯಾಹ್ನ ಊಟವಾದ ಮೇಲೆ ದಿಬ್ಬದ ಆಚೆ ಬದಿಗೆ ಎಮ್ಮೆಗಳು ಬಂದು ನೀರಿನಲ್ಲಿ ಮಲಗಿದವು. ಅವುಗಳ ಬೆನ್ನ ಮೇಲೆ ದಪ್ಪ ದಪ್ಪ ದನದ ನೊಣ. ಎಮ್ಮೆಯ ಚರ್ಮವನ್ನೇ ಚುಚ್ಚುವ ನೊಣಕ್ಕೆ ನನ್ನ ಚರ್ಮ ಯಾವ ಲೆಕ್ಕ ಅನ್ನಿಸಿತು. ಸೊಳ್ಳೆಗಳಿಗೆ ನಾನು ಬೇಡವಾದರೆ ಬೇಡ. ಮೆಲ್ಲನೆ ಹೋಗಿ ಎಮ್ಮೆಗಳ ಪಕ್ಕದಲ್ಲಿ, ಫ್ರಾಕಿನ ತೋಳು ಮಡಿಸಿಕೊಂಡು, ಕೆಸರು ನೀರಿನಲ್ಲಿ ಕಾಲು ಚಾಚಿ ಕೂತೆ.

"ಯಾಕವ್ವ ಸಣ್ಣಕ್ಕ, ಕಾನ್ವೆಂಟ್ ಬಿಟ್ಟು ಎಮ್ಮಿ ಕಾಯಾಕ ಬಂದೀಯೇನು?" ಎಂದು ದೂರದಿಂದಲೇ ಕೂಗಿದ ಹರಿಗೋಲಿನ ಅಜ್ಜ.

"ಸುಮ್ನೆ ಕೂತೀನಜ್ಜ."

"ಸುಮ್ನೆ ಕೂಡಾಕ ಒಳ್ಳೆ ಜಾಗ ಹುಡುಕೀಯ ಬಿಡು."

ಸೊಳ್ಳೆ ಕಚ್ಚಿದ್ದು ಆಮೇಲೆ ತಿಳಿಯುತ್ತದೆ. ನೊಣ ಹಾಗಲ್ಲ. ಕಾದ ಸೂಜಿ ಚುಚ್ಚಿದ ಹಾಗೆ, ಆ ಕ್ಷಣವೇ. ಮೊದಲನೆಯದು ಮೊಣಕೈಗೆ ಕಚ್ಚಿದಾಗ ಚೀರಬೇಕೆನಿಸಿತು. ಹಲ್ಲು ಕಚ್ಚಿ ಕೂತೆ. ಪರದೆಯೊಳಗಿನ ಅಪ್ಪನ ದನಿ ನೆನೆದುಕೊಂಡು ಕೂತೆ. ಕುತ್ತಿಗೆಗೆ ಒಂದು, ಕೆನ್ನೆಗೆ ಒಂದು, ಕೊನೆಗೆ ಒಂದು ಬಂದು ಕಣ್ಣಿನ ರೆಪ್ಪೆಗೇ ಕಚ್ಚಿದಾಗ ಎಮ್ಮೆಗಳೂ ಬೆಚ್ಚಿ ಏಳುವ ಹಾಗೆ ಕಿರುಚಿಕೊಂಡು ಓಡಿದೆ.

ಸಂಜೆಯ ಹೊತ್ತಿಗೆ ನನ್ನ ಎಡಗಣ್ಣು ಮುಚ್ಚಿಹೋಗಿತ್ತು. ಕೆನ್ನೆ ಹೋಳಿಗೆಯ ಹಾಗೆ ಉಬ್ಬಿತ್ತು. ಅಮ್ಮ ಬೈಯುತ್ತ ಅರಿಸಿನ ಹಚ್ಚಿದಳು. ಉರಿಯುತ್ತಿತ್ತು, ಆದರೆ ಒಳಗೊಳಗೆ ಖುಷಿ. ಅಕ್ಕನ ಮೈಮೇಲೆ ಇನ್ನೂ ಒಂದು ಹೊಸ ದದ್ದೂ ಇರಲಿಲ್ಲ. ಅಪ್ಪ ಗಳ ನೆಟ್ಟು ಪರದೆ ಕಟ್ಟುವುದನ್ನು ಒಂದೇ ಕಣ್ಣಿನಲ್ಲಿ ನೋಡುತ್ತ ಕಾದೆ. ಕಟ್ಟಿ ಮುಗಿದ ತಕ್ಷಣ ಹೋಗಿ ಮುಂದೆ ನಿಂತೆ.

"ಅಪ್ಪಾ, ಈ ಸಲ ನಾ ಒಳಗ ಮಲಗ್ತೀನಿ. ನೋಡ್ರಿ, ನಂಗೇ ಎಷ್ಟೊಂದು ಕಚ್ಚಾವೆ."

ಅಪ್ಪ ಲಾಟೀನು ಎತ್ತಿ ನನ್ನ ಮುಖ ನೋಡಿದರು. "ಇದು ಸೊಳ್ಳಿ ಅಲ್ಲವ್ವ, ದನದ ನೊಣ," ಎಂದರು. "ಅವು ಹಗಲಾಗ ಕಚ್ಚೋವು. ಕತ್ತಲಾದ ಮ್ಯಾಲೆ ಬರಲ್ಲ. ನಿಂಗೆ ಪರದಿ ಯಾತಕ್ಕ? ಸೊಳ್ಳಿ ಕಚ್ಚೋದು ಅಕ್ಕಂಗೆ. ಅವಳು ಒಳಗ ಮಲಗ್ಲಿ."

ಅಪ್ಪನ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ. ಅದಕ್ಕೇ ಅಷ್ಟು ಜೋರಾಗಿ ಅಳು ಬಂತು. ಮರಳಿನಲ್ಲಿ ಕೂತು, ಮುಚ್ಚಿದ ಕಣ್ಣಿನಿಂದಲೂ ತೆರೆದ ಕಣ್ಣಿನಿಂದಲೂ ಅತ್ತೆ. "ಬರೀ ಅಕ್ಕ, ಬರೀ ಅಕ್ಕ! ಸೊಳ್ಳಿಗೂ ಅಕ್ಕ, ನಿಮಗೂ ಅಕ್ಕ!" ಎಂದು ಕೂಗಿದೆ. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಲಾಟೀನು ಕೆಳಗಿಟ್ಟರು. ಆಮೇಲೆ ತಮ್ಮ ಜಮಖಾನೆಯನ್ನು ಪರದೆಯಿಂದ ಹೊರಗೆಳೆದರು.

"ಇಬ್ರೂ ಒಳಗ ನಡೀರಿ. ನಾ ಹೊರಗ ಮಲಗ್ತೀನಿ."

ನನಗೆ ಪರದೆ ಸಿಕ್ಕಿತು. ಅಪ್ಪ ಸಿಗಲಿಲ್ಲ. ಒಳಗೆ ನನ್ನ ಪಕ್ಕ ಮಲಗಿದ್ದದ್ದು ಅಕ್ಕ, ಅದೂ ಬೆನ್ನು ತಿರುಗಿಸಿಕೊಂಡು. "ನಿನ್ನಿಂದ ಅಪ್ಪ ಹೊರಗ ಹೋದ್ರು. ಕುಂಬಳಕಾಯಿ ಮುಖದಾಕಿ," ಎಂದಳು. ಹೊರಗೆ ಅಪ್ಪ ತೋಳಿಗೆ ಒಂದು, ಕಾಲಿಗೆ ಒಂದು ಪಟಪಟ ಹೊಡೆದುಕೊಳ್ಳುವುದು ಕೇಳುತ್ತಿತ್ತು. ಅಕ್ಕನಿಗೂ ಕೇಳುತ್ತಿತ್ತು. ಆವತ್ತು ಮೊದಲ ಸಲ ನಮ್ಮಿಬ್ಬರ ಹೊಟ್ಟೆಕಿಚ್ಚು ಒಂದೇ ಆಯಿತು. ಸೊಳ್ಳೆಗಳೆಲ್ಲ ಅಪ್ಪನ ಹತ್ತಿರ ಇದ್ದವು, ನಾವು ಇರಲಿಲ್ಲ.

ಎಚ್ಚರವಾದಾಗ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಪ್ಪ ಆಗಲೇ ಹೊಳೆಯಲ್ಲಿ ಮಿಂದು, ಲಿಂಗಪೂಜೆ ಮುಗಿಸಿ, ಬರಿಮೈಯಲ್ಲಿ ನೀರಿನ ಕಡೆ ಮುಖ ಮಾಡಿ ಕೂತಿದ್ದರು. ಅವರ ಬೆನ್ನು ನೋಡಿ ನನ್ನ ನಿದ್ದೆಯೆಲ್ಲ ಹಾರಿತು. ಬೆನ್ನ ತುಂಬ ಕೆಂಪು ದದ್ದು. ತಿರುಗಿ ನೋಡದೆಯೇ ಅಪ್ಪ ಕೇಳಿದರು, "ಎದ್ದೀರೇನವ್ವ ಯಾರಾದ್ರೂ?"

ಅಕ್ಕನ ಕಡೆ ನೋಡಿದೆ. ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದಳು. ಸದ್ದಾಗದಿರಲಿ ಎಂದು ಬಳೆಗಳನ್ನು ಮೊಣಕೈವರೆಗೆ ಸರಿಸಿ ಬಿಗಿಮಾಡಿಕೊಂಡೆ. ಪರದೆಯ ಅಂಚನ್ನು ಗಾಳಿಗೂ ತಿಳಿಯದ ಹಾಗೆ ಎತ್ತಿ ಹೊರಗೆ ತೂರಿದೆ. ತಣ್ಣನೆಯ ಮರಳಿನ ಮೇಲೆ ನಡೆದು ಅಪ್ಪನ ಬೆನ್ನ ಹಿಂದೆ ಹೋಗಿ ನಿಂತೆ.

"ಬೆನ್ನಿಗೆ ಕೈ ಎಟುಕಲ್ಲ ನೋಡು. ಒಂದಿಷ್ಟು ಹಚ್ಚವ್ವ," ಎಂದು ಅಪ್ಪ ವಿಭೂತಿ ಗಟ್ಟಿಯನ್ನು ಹಿಂದಕ್ಕೆ ಚಾಚಿದರು.

ಹೊಳೆಯ ನೀರಿನಲ್ಲಿ ಅಂಗೈ ಅದ್ದಿಕೊಂಡು ಬಂದು ತೇಯ್ದೆ. ಬೆರಳಿಗೆ ತಂಪು. ಅಪ್ಪನ ಬೆನ್ನು ಮಾತ್ರ ಬಿಸಿ. ಅಷ್ಟು ಹತ್ತಿರದಿಂದ ಆ ಬೆನ್ನನ್ನು ನಾನು ನೋಡಿರಲಿಲ್ಲ. ಚೀಲ ಹೊತ್ತ ಕಾಲದ ಗುರುತೊಂದು ಹೆಗಲಿನ ಹತ್ತಿರ ಕಪ್ಪಗೆ ಉಳಿದಿತ್ತು.

"ಇಲ್ಲೇನಪ್ಪ?"

"ಹ್ಞೂಂ."

"ಇಲ್ಲಿ?"

"ಸ್ವಲ್ಪ ಮ್ಯಾಲೆ."

ದದ್ದುಗಳು ಮುಗಿದವು. ನನ್ನ ಅಂಗೈಯಲ್ಲಿ ವಿಭೂತಿ ಇನ್ನೂ ಇತ್ತು. ಸುಮ್ಮನೆ ಅಲ್ಲೊಂದು ಇಲ್ಲೊಂದು ಹಚ್ಚುತ್ತಲೇ ಹೋದೆ.

"ಅಲ್ಲೇನೂ ಕಚ್ಚಿಲ್ಲಲ್ಲ?" ಎಂದರು ಅಪ್ಪ.

"ಕಚ್ಚೈತಪ್ಪ. ಬೆನ್ನು ನಿಮಗೆಲ್ಲಿ ಕಾಣಬೇಕು?"

ಬೆನ್ನು ಅಲುಗಿತು. ಅಪ್ಪ ನಗುತ್ತಿದ್ದರು. ಆಮೇಲೆ ತಿರುಗಿ ಕೂತು, ನನ್ನ ಅಂಗೈಯಿಂದಲೇ ಹೆಬ್ಬೆರಳಿಗೆ ವಿಭೂತಿ ತೆಗೆದುಕೊಂಡು, ಊದಿದ ರೆಪ್ಪೆಯ ಮೇಲೆ ಹಗುರವಾಗಿ ಎಳೆದರು. "ಭಾಳ ಉರೀತೈತೇನು?" ಎಂದು ಕೇಳಿದರು. ಅದೇ ದನಿ. ಪರದೆಯೊಳಗಿನ ದನಿ.

"ಭಾಳ ಉರೀತೈತೆ," ಎಂದೆ. ನಿಜ ಹೇಳಬೇಕೆಂದರೆ ಆಗ ಒಂದಿಷ್ಟೂ ಉರಿಯುತ್ತಿರಲಿಲ್ಲ.

ವಾಪಸ್ ಬರುವಾಗ ಹರಿಗೋಲಿನಲ್ಲಿ ಅಕ್ಕ ಒಮ್ಮೆ ಅಪ್ಪನ ಬೆನ್ನು, ಒಮ್ಮೆ ನನ್ನ ಕೈ ನೋಡಿದಳು. "ನನ್ನ ಯಾಕ ಎಬ್ಬಿಸಲಿಲ್ಲ?" ಎಂದಳು. ನಾನು ವಿಭೂತಿ ಅಂಟಿದ ಕೈಯನ್ನು ನೀರು ತಾಗದ ಹಾಗೆ ಮಡಿಲಲ್ಲಿ ಮುಚ್ಚಿಟ್ಟುಕೊಂಡೆ.

ಈ ರಜೆಯಲ್ಲಿ ನೀವಿಬ್ಬರೂ ಸಮ್ಮರ್ ಕ್ಯಾಂಪಿಗೆ ಹೋಗಿದ್ದಿರಲ್ಲ, ನಿಮ್ಮ ಬ್ಯಾಗ್ ಪ್ಯಾಕ್ ಮಾಡುವುದನ್ನು ಈ ಸರಸ್ವತಿ ನಗರದ ಮನೆಯ ಸೋಫಾದಲ್ಲಿ ಕೂತು ನೋಡುತ್ತಿದ್ದೆ. ಮೈಗೆ ಹಚ್ಚುವ ಕ್ರೀಮ್ ಬೇರೆ, ಅಂಗಿಗೆ ಅಂಟಿಸುವ ಸ್ಟಿಕರ್ ಬೇರೆ, ಕೈಗೆ ನಿಂಬೆ ವಾಸನೆಯ ಬ್ಯಾಂಡ್ ಬೇರೆ. ಒಬ್ಬೊಬ್ಬರಿಗೆ ಒಂದೊಂದು ಟೆಂಟು, ಅದಕ್ಕೆ ಜಿಪ್ಪು. ಹಗಲೆಲ್ಲ ನೀರಿನಲ್ಲಿ ಪ್ಲಾಸ್ಟಿಕ್ ದೋಣಿ ನಡೆಸಿ, ರಾತ್ರಿ ಜಿಪ್ ಎಳೆದುಕೊಂಡು ಮಲಗಿದಿರಂತೆ. "ಅಜ್ಜಿ, ಒಂದು ಸೊಳ್ಳೇನೂ ಕಚ್ಚಲಿಲ್ಲ!" ಎಂದು ಗೇಟಿನಿಂದಲೇ ಕೂಗಿಕೊಂಡು ಬಂದಿರಿ.

ನಿಮ್ಮಪ್ಪ ಚಪ್ಪಲಿಯನ್ನೂ ಹಾಕಿಕೊಳ್ಳದೆ ಅಂಗಳಕ್ಕೆ ಓಡಿದ. ಒಂದು ತೋಳಿಗೆ ಒಬ್ಬಳನ್ನು, ಇನ್ನೊಂದು ತೋಳಿಗೆ ಇನ್ನೊಬ್ಬಳನ್ನು ಎತ್ತಿಕೊಂಡು, ಬೆವರಿನ ಕೆನ್ನೆಗಳಿಗೆ ಮುತ್ತು ಕೊಟ್ಟು, "ಐ ಮಿಸ್ಡ್ ಯೂ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ನಿಮ್ಮ ಮೈಮೇಲೆ ಹುಡುಕಿದರೂ ಒಂದು ದದ್ದಿರಲಿಲ್ಲ. ನಿಮ್ಮನ್ನು ಮುದ್ದಿಸಲು ಅವನಿಗೆ ದದ್ದಿನ ನೆಪ ಬೇಕಾಗಿಯೂ ಇರಲಿಲ್ಲ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನನಗೆ, ಈ ವಯಸ್ಸಿನಲ್ಲಿ, ಅದೂ ಸ್ವಂತ ಮೊಮ್ಮಕ್ಕಳ ಮೇಲೆ, ಎಷ್ಟು ಹೊಟ್ಟೆಕಿಚ್ಚಾಯಿತು ಗೊತ್ತಾ?