ಅತ್ತೆಯ ಮಾತು, ಅಣ್ಣನ ನಾಟಕ

ಹುಣಸೂರು ದಾಟಿ ಬಸ್ಸು ಪಿರಿಯಾಪಟ್ಟಣದ ಕಡೆ ಹೊರಳಿದಾಗ ಹೊಗೆಸೊಪ್ಪು ಬೇಯುವ ವಾಸನೆ ಕಿಟಕಿಯಿಂದ ನುಗ್ಗಿತು. ಜೇನು ಕಾಸಿದಂಥ, ಗಂಟಲಿಗೆ ಒಗರು ಹತ್ತುವ ವಾಸನೆ. ಪಕ್ಕದವರು ಮೂಗಿಗೆ ಕರ್ಚೀಫು ಹಿಡಿದರು. ನಾನು ಗಾಜನ್ನು ಇನ್ನಷ್ಟು ಸರಿಸಿದೆ. ಊರಿನಲ್ಲಿ ಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಈಗ ಬಿದ್ದುಹೋಗಿದೆ, ಅದರ ಮುಂದಿದ್ದ ಚಪ್ಪರದ ಜಾಗದಲ್ಲಿ ಯಾರೋ ಗುತ್ತಿಗೆಗೆ ಶುಂಠಿ ಹಾಕಿದ್ದಾರೆ. ಆ ಚಪ್ಪರದಡಿ ಹೆಂಗಸರು ಸಾಲಾಗಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ಚಿಕ್ಕ ಹುಡುಗಿಯಾಗಿದ್ದ ನಾನೂ ಕಟ್ಟುತ್ತಿದ್ದೆ. ಬೆರಳಿಗೆ ಕಪ್ಪು ಅಂಟು. ಸೋಮವಾರ ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಕೈ ಮೂಸಿ, ಮತ್ತೆ ತೊಳೆದು ಬಾ ಎಂದು ಕಳಿಸುತ್ತಿದ್ದರು.

ಎರಡೂ ಕೈ ಕೆಲಸದಲ್ಲಿದ್ದಾಗ ಮಾತ್ರ ನಮ್ಮ ಹೆಂಗಸರು ಮನಸ್ಸು ಬಿಚ್ಚುತ್ತಿದ್ದರು. ಗಂಡ, ಹೆರಿಗೆ, ಸಾವು, ಎಲ್ಲ ಅಲ್ಲಿ ಬರುತ್ತಿತ್ತು. ಒಂದೇ ಕಟ್ಟಳೆ: ಚಪ್ಪರದ ಮಾತು ಸೊಪ್ಪಿನ ಜೊತೆಗೇ ಒಣಗಬೇಕು, ಹೊರಗೆ ಹೋಗಬಾರದು. ಹೈಸ್ಕೂಲು ಓದುತ್ತಿದ್ದ ನನ್ನಣ್ಣ ಸೌದೆ ರಾಶಿಯ ಹಿಂದೆ ನೋಟುಬುಕ್ಕು ಹಿಡಿದು ಕೂರುತ್ತಿದ್ದ. “ಏನ್ಲಾ, ಪುಸ್ತಕ ಓದ್ತಿದೀಯೋ, ನಮ್ ಬಾಯಿ ಓದ್ತಿದೀಯೋ?” ಎಂದು ಪುಟ್ಟತಾಯಿ ಅತ್ತೆ ಕೂಗಿ ನಗುತ್ತಿದ್ದಳು.

ಅತ್ತೆ ಅಪ್ಪನ ತಂಗಿ. ಭೇರ್ಯದ ಕಡೆ ಮದುವೆಯಾಗಿ, ಗಂಡ ಇನ್ನೊಬ್ಬಳನ್ನು ತಂದ ದಿನವೇ ತವರಿಗೆ ಮರಳಿದವಳು. ಹೊರಡುವ ಮುಂಚೆ ಹಸು ಕರೆದು, ಹಾಲಿನ ಚೆಂಬನ್ನು ಹೊಸಬಳ ಮುಂದಿಟ್ಟು, “ಕಾಸ್ಕೊಳವ್ವ, ಒಡ್ದೋಯ್ತದೆ” ಎಂದು ಬಂದಳಂತೆ. ಅದನ್ನು ಹೇಳುವಾಗಲೆಲ್ಲ ಎಲೆ ಕೆಳಗಿಟ್ಟು, ಇಲ್ಲದ ಚೆಂಬಿನ ಅಂಚನ್ನು ಸೆರಗಿನಿಂದ ಒರೆಸುತ್ತಿದ್ದಳು. ಆಗ ಉಳಿದವರೂ ಕೈಯಲ್ಲಿದ್ದ ಕಡ್ಡಿ ಕೆಳಗಿಡುತ್ತಿದ್ದರು.

ಅಣ್ಣ ಮೈಸೂರಿನ ಕಾಲೇಜು ಸೇರಿ ನಾಟಕ ಬರೆದ. ನನ್ನ ಅಕ್ಷರ ದುಂಡಗಿದೆ ಎಂದು ಪ್ರತಿ ಮಾಡಲು ಕೊಟ್ಟ. ಅದರಲ್ಲಿ ಹಸುವಿತ್ತು, ಚೆಂಬಿತ್ತು. “ಹೇಳ್ವಾಗ ಅತ್ತೆ ಕೈಯಲ್ಲಿ ಏನೋ ಮಾಡ್ತಿದ್ಳಲ್ಲ, ಏನೇ ಅದು? ಸೌದೆ ಮರೇಲಿ ನಂಗೆ ಕಾಣ್ತಿರ್ಲಿಲ್ಲ” ಎಂದ. ನಾನು ಎದ್ದು ನಿಂತು ಮಾಡಿ ತೋರಿಸಿದೆ. ನಿನ್ನ ಕಣ್ಣೇ ಕಣ್ಣು ಎಂದು ಅವನು ಬೆನ್ನು ತಟ್ಟಿದಾಗ ಉಬ್ಬಿಹೋದೆ.

ಹುಣಸೂರಿನಲ್ಲಿ ಆ ನಾಟಕವಾಡಿದ ದಿನ ಅತ್ತೆ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದಳು. “ನಮ್ ಐದ, ನಮ್ಮಣ್ಣನ ಮಗ, ಬರ್ದಿರದು ಕಣ್ರೀ” ಎಂದು ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಹೆಣ್ಣುವೇಷದ ಹುಡುಗನೊಬ್ಬ ಚೆಂಬಿನ ಅಂಚು ಒರೆಸಿ, ಸೊಂಟ ತಿರುವಿ, “ಕಾಸ್ಕೊಳವ್ವ” ಎಂದಾಗ ಇಡೀ ಸಭೆ ಬಿದ್ದುಬಿದ್ದು ನಕ್ಕಿತು. ಹಿಂದಿನಿಂದ ಯಾರೋ, “ಲೇ, ಇದ್ನ ಬರ್ದವ್ನ ಅತ್ತೆ ಗಂಡನ್ ಬುಟ್ಟು ಬಂದ್ಲಲ್ಲ, ಅವಳ್ ಕತೇನೇ ಕಣ್ಲಾ ಇದು!” ಎಂದರು. ಅತ್ತೆ ವೇದಿಕೆ ನೋಡಲಿಲ್ಲ. ಸೌದೆಯ ಹಿಂದೆ ಕೂತವನಿಗೆ ತನ್ನ ಕೈ ಕಾಣುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ತಿರುಗಿ ನನ್ನನ್ನು ನೋಡಿದಳು.

ಆ ನಗುವಿನಿಂದಲೇ ಅಣ್ಣ ಮೇಲೇರಿದ. ಬಹುಮಾನ, ಬೆಂಗಳೂರು, ದೆಹಲಿ. ತನ್ನ ಭಾಷೆ ಈ ಮಣ್ಣು ಕೊಟ್ಟದ್ದು ಎಂದು ಇಂದಿಗೂ ಪತ್ರಿಕೆಯವರಿಗೆ ಹೇಳುತ್ತಾನೆ. ಆ ಮಣ್ಣಿಗೊಂದು ಮಾನವಿತ್ತು ಎಂದು ನಾನು ಒಮ್ಮೆಯೂ ಬಾಯಿ ಬಿಡಲಿಲ್ಲ. ಶಾಲು ಹೊದ್ದ ಅವನ ಫೋಟೊ ನಮ್ಮ ಗೋಡೆಯಲ್ಲಿ ನೋಡಿಯೇ ನನ್ನ ಮಗಳಿಗೆ ಒಳ್ಳೆಯ ಸಂಬಂಧ ಕುದುರಿದ್ದು.

ಅತ್ತೆ ಜಗಳವಾಡಲಿಲ್ಲ. ಮುಂದಿನ ವರ್ಷವೂ ಸೊಪ್ಪು ಕಟ್ಟಿದಳು. ನಾನು ಹೋದರೆ ಸರಿದು ಜಾಗ ಕೊಟ್ಟು, “ಮಳೆ ಬರಂಗದೆ” ಎನ್ನುತ್ತಿದ್ದಳು. ಉಳಿದವರೂ ನಾನು ಏಳುವವರೆಗೆ ಮಳೆಯ ಮಾತನ್ನೇ ಆಡುತ್ತಿದ್ದರು.

ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿ ಅವಳ ಹತ್ತಿರ ನಾನೊಬ್ಬಳೇ ಇದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿದವಳು ಏನೋ ನೆನೆದು ಮೆಲ್ಲಗೆ ನಕ್ಕಳು, ಹೇಳಲು ಬಾಯಿ ತೆರೆದಳು. ನಾನು ಬಗ್ಗಿದೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, “ಏನಿಲ್ಲ ಬುಡು ಮಗ” ಎಂದು ಆಚೆ ಮಗ್ಗುಲಿಗೆ ಹೊರಳಿದಳು.